ಲೋಕಮಾನ್ಯರ ಪಥ್ಯ

ಲೋಕಮಾನ್ಯ ಬಾಲಗಂಗಾಧರ ತಿಲಕರ ಹೆಸರನ್ನು ಕೇಳದ ವಿದ್ಯಾರ್ಥಿಯು ನಮ್ಮ ನಾಡಿನಲ್ಲಿ ಇರಲಾರನು. ಪ್ರಾಥಮಿಕ ಶಾಲೆಯ ಗೋಡೆಯ ಮೇಲೆ ಗಾಂಧೀಜಿಯವರ ಪಕ್ಕದಲ್ಲಿ, ಪುಣೆಯ ರುಮಾಲು ತೊಟ್ಟು, ದಪ್ಪ ಮೀಸೆಯಡಿಯಲ್ಲಿ ತುಟಿ ಬಿಗಿದುಕೊಂಡು ನಮ್ಮನ್ನೇ ನೋಡುತ್ತಿರುವ ಅವರ ಚಿತ್ರವನ್ನು ನಾವೆಲ್ಲರೂ ಕಂಡವರೇ. ಕೇಸರಿ ಪತ್ರಿಕೆ, ಗಣೇಶೋತ್ಸವ, ಸ್ವರಾಜ್ಯ, ಮಂಡಾಲೆ ಎಂಬ ನಾಲ್ಕು ಮಾತುಗಳನ್ನು ಕೂಡಿಸಿ ಐದು ಅಂಕದ ಉತ್ತರ ಬರೆದು ನಾನೂ ತೇರ್ಗಡೆ ಹೊಂದಿರುವೆನು. ಆದರೆ ಆ ಮಹನೀಯರು ಸಿಹಿಮೂತ್ರ ರೋಗದಿಂದ ನರಳುತ್ತಿದ್ದರೆಂಬುದಾಗಲಿ, ಇನ್ಸುಲಿನ್ ಎಂಬ ಔಷಧವು ಲೋಕಕ್ಕೆ ತಿಳಿಯದಿದ್ದ ಕಾಲದಲ್ಲಿ ಕೇವಲ ಊಟದ ಕಟ್ಟುಪಾಡಿನಿಂದಲೇ ಆರು ವರುಷದ ಸೆರೆವಾಸವನ್ನು ಜಯಿಸಿ ಬಂದರೆಂಬುದಾಗಲಿ ನನಗೆ ಈ ವರ್ಷದವರೆಗೂ ಗೊತ್ತಿರಲಿಲ್ಲ.

ಗೊತ್ತಾದ ಬಗೆಯನ್ನು ಮೊದಲು ಹೇಳಿಬಿಡುವುದು ಲೇಸು. ನಮ್ಮದು ನ್ಯಾಮತಿಯ ಬಳಿಯ ಒಂದು ಹಳ್ಳಿ. ಎರಡು ಎಕರೆ ಮೆಕ್ಕೆಜೋಳದ ಹೊಲ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನ ಅಕ್ಕನನ್ನು ಚನ್ನಗಿರಿಯ ಕಡೆಗೆ, ಸೂಳೆಕೆರೆಗೆ ಸಮೀಪದ ಊರಿಗೆ ಕೊಟ್ಟಿದೆ. ಅಡಿಕೆ ತೋಟ, ಭತ್ತದ ಗದ್ದೆಗಳಿರುವ ಮನೆ. ಆಕೆ ಎರಡನೆಯ ಬಾರಿ ಗರ್ಭಿಣಿಯಾಗಿ ಆರನೆಯ ತಿಂಗಳು ನಡೆಯುತ್ತಿದ್ದಾಗ ಆಸ್ಪತ್ರೆಯಲ್ಲಿ ಗ್ಲೂಕೋಸಿನ ನೀರು ಕುಡಿಸಿ, ಎರಡು ಗಂಟೆ ಕೂರಿಸಿ, ರಕ್ತ ಪರೀಕ್ಷಿಸಿದರು. ೧೪೦ಕ್ಕೆ ಒಳಗಿರಬೇಕಾದ ಸಕ್ಕರೆ ೧೬೮ ಬಂದಿತು. ಅಂದಿನಿಂದ ಆ ಮನೆಯಲ್ಲಿ ಊಟವೆಂಬುದು ಒಂದು ಕಲಹದ ವಸ್ತುವಾಯಿತು. ಬಸುರಿ ಹೆಂಗಸು ಇಬ್ಬರ ಊಟ ಉಣ್ಣಬೇಕೆಂದು ಅತ್ತೆಯವರು ಪ್ರೀತಿಯಿಂದಲೇ ಹಟ ಹಿಡಿದರು. ಅನ್ನವನ್ನು ಮುಟ್ಟಲೇಬಾರದು, ಮುದ್ದೆಯನ್ನಾದರೆ ಎಷ್ಟಾದರೂ ಉಣ್ಣಬಹುದು ಎಂದು ನೆರೆಮನೆಯವರು ವಿಧಿಸಿದರು. ಅಕ್ಕನೋ ಹೆದರಿಕೆಯಿಂದ ಎರಡನ್ನೂ ಬಿಟ್ಟು ಮಜ್ಜಿಗೆ ಕುಡಿದು ಮಲಗತೊಡಗಿದಳು. ಅದೇ ವಾರ ನಾನು ಈ ಸಂಚಿಕೆಗಾಗಿ ಒಬ್ಬ ಮಹಾಪುರುಷನ ಜೀವನವನ್ನು ಬರೆದುಕೊಡಲು ಒಪ್ಪಿಕೊಂಡು, ಗ್ರಂಥಾಲಯದಿಂದ ತಿಲಕರ ಚರಿತ್ರೆಯನ್ನು ತಂದಿದ್ದೆನು. ಓದುತ್ತ ಮಂಡಾಲೆಯ ಅಧ್ಯಾಯಕ್ಕೆ ಬಂದಾಗ, ಇದು ನಾನು ಬಲ್ಲ ತಿಲಕರಲ್ಲ, ನಮ್ಮ ಅಕ್ಕನ ಸಹರೋಗಿ ಎಂದು ಅನ್ನಿಸಿತು.

ತಿಲಕರು ಹುಟ್ಟಿದ್ದು ೧೮೫೬ನೆಯ ಇಸವಿ ಜುಲೈ ೨೩ರಂದು, ಕೊಂಕಣದ ರತ್ನಾಗಿರಿಯಲ್ಲಿ. ತಂದೆ ಗಂಗಾಧರಪಂತರು ಶಾಲೆಯ ಉಪಾಧ್ಯಾಯರು. ಸಂಸ್ಕೃತದಲ್ಲಿಯೂ ಗಣಿತದಲ್ಲಿಯೂ ಗಟ್ಟಿಗರು. ಬಾಲಕನಿಗೆ ಹತ್ತು ವರ್ಷವಾಗಿದ್ದಾಗ ಕುಟುಂಬವು ಪುಣೆಗೆ ಬಂದಿತು. ಬಂದ ಸ್ವಲ್ಪ ಕಾಲದಲ್ಲಿಯೇ ತಾಯಿ ತೀರಿಕೊಂಡರು. ೧೮೭೧ರಲ್ಲಿ ಸತ್ಯಭಾಮಾಬಾಯಿಯವರೊಡನೆ ಮದುವೆ. ಮರುವರ್ಷವೇ ತಂದೆಯ ಮರಣ. ಹೀಗೆ ಹದಿನಾರನೆಯ ವಯಸ್ಸಿಗೇ ತಂದೆತಾಯಿಗಳಿಲ್ಲದ, ಆದರೆ ಹೆಂಡತಿಯುಳ್ಳ ಹುಡುಗನು ಡೆಕ್ಕನ್ ಕಾಲೇಜನ್ನು ಸೇರಿದನು.

ಆಗ ಅವರದು ಬಹಳ ಬಡಕಲು ಶರೀರ. ಕಾಲೇಜಿನ ಮೊದಲ ವರ್ಷವನ್ನು ಅವರು ಪುಸ್ತಕಕ್ಕೆ ಕೊಡಲಿಲ್ಲ, ಮೈಗೆ ಕೊಟ್ಟರು. ಬೆಳಗ್ಗೆ ಗರಡಿಯಲ್ಲಿ ಸಾಮು, ಮೇಲೆ ಕುಸ್ತಿ, ನದಿಯಲ್ಲಿ ಈಜು, ಅದಕ್ಕೆ ತಕ್ಕ ಊಟ. ವರ್ಷದ ಕೊನೆಗೆ ಶರೀರವು ದೃಢವಾಯಿತು. ಪರೀಕ್ಷೆಯಲ್ಲಿ ಮಾತ್ರ ಅನುತ್ತೀರ್ಣರಾದರು. ಈ ಸಂಗತಿಯನ್ನು ನಮ್ಮ ಅಧ್ಯಾಪಕರ ಮುಂದೆ ಒತ್ತಿ ಹೇಳುವ ಧೈರ್ಯ ನನಗಿಲ್ಲ. ಆದರೆ ಮುಂದಿನ ಕಷ್ಟದ ದಿನಗಳಿಗೆಲ್ಲ ಆ ಒಂದು ವರ್ಷವೇ ಬಂಡವಾಳವಾಯಿತೆಂದು ಅವರ ಚರಿತ್ರಕಾರರು ಒಮ್ಮತದಿಂದ ಹೇಳುತ್ತಾರೆ. ಮುಂದೆ ಗಣಿತವನ್ನು ಐಚ್ಛಿಕವಾಗಿ ತೆಗೆದುಕೊಂಡು ಬಿ.ಎ. ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದರು. ೧೮೭೯ರಲ್ಲಿ ಕಾನೂನಿನ ಪದವಿಯನ್ನೂ ಪಡೆದರು.

ಸರಕಾರದ ಚಾಕರಿಯನ್ನು ಹಿಡಿದಿದ್ದರೆ ಅವರ ಜೀವನವು ಸುಖವಾಗಿ ಸಾಗುತ್ತಿತ್ತು. ಅವರಾದರೋ ವಿಷ್ಣುಶಾಸ್ತ್ರಿ ಚಿಪಳೂಣಕರ, ಗೋಪಾಲ ಗಣೇಶ ಆಗರಕರ ಮೊದಲಾದವರೊಂದಿಗೆ ಕೂಡಿ ೧೮೮೦ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದರು. ೧೮೮೧ರ ಜನವರಿಯಲ್ಲಿ ಮರಾಠಿಯಲ್ಲಿ ಕೇಸರಿ, ಇಂಗ್ಲಿಷಿನಲ್ಲಿ ಮರಾಠಾ ಎಂಬ ಎರಡು ಪತ್ರಿಕೆಗಳನ್ನು ಆರಂಭಿಸಿದರು. ಪತ್ರಿಕೆಗೆ ಎರಡು ವರ್ಷ ತುಂಬುವುದರೊಳಗೆ ಕೊಲ್ಹಾಪುರದ ದಿವಾನರ ಮೇಲಿನ ಲೇಖನಗಳಿಗಾಗಿ ತಿಲಕರೂ ಆಗರಕರರೂ ಮುಂಬಯಿಯ ಡೋಂಗರಿ ಸೆರೆಮನೆಯನ್ನು ಕಂಡರು. ೧೦೧ ದಿವಸದ ಆ ವಾಸವೇ ಮೊದಲನೆಯದು. ೧೮೯೭ರಲ್ಲಿ, ಪ್ಲೇಗಿನ ಕಾಲದಲ್ಲಿ, ರಾಜದ್ರೋಹದ ಆಪಾದನೆಯ ಮೇಲೆ ಹದಿನೆಂಟು ತಿಂಗಳ ಕಠಿಣ ಶಿಕ್ಷೆಯಾಯಿತು. ಸೆರೆಮನೆಯ ಅನ್ನ ಒಗ್ಗದೆ ಮೈತೂಕವು ಬಹಳ ಇಳಿದುಹೋಯಿತು. ಮ್ಯಾಕ್ಸ್ ಮುಲ್ಲರ್ ಮೊದಲಾದ ವಿದ್ವಾಂಸರು ವಿಕ್ಟೋರಿಯಾ ರಾಣಿಗೆ ಮನವಿ ಮಾಡಿದ್ದರಿಂದ ಒಂದು ವರ್ಷಕ್ಕೆ ಬಿಡುಗಡೆಯಾಯಿತು. ಗಣೇಶೋತ್ಸವ, ಶಿವಾಜಿ ಉತ್ಸವ, ಸ್ವದೇಶೀ, ಬಹಿಷ್ಕಾರ, ಸೂರತ್ತಿನ ಒಡಕು ಇವೆಲ್ಲವೂ ಪಠ್ಯಪುಸ್ತಕದಲ್ಲಿ ವಿಸ್ತಾರವಾಗಿಯೇ ಇರುವ ಕಾರಣ ನಾನು ಅವುಗಳನ್ನು ದಾಟಿ ಹೋಗುವೆನು.

೧೯೦೮ರ ಜುಲೈ ತಿಂಗಳಲ್ಲಿ ಮುಂಬಯಿಯ ಹೈಕೋರ್ಟಿನಲ್ಲಿ ತಿಲಕರ ಮೇಲೆ ಎರಡನೆಯ ಬಾರಿಗೆ ರಾಜದ್ರೋಹದ ವಿಚಾರಣೆ ನಡೆಯಿತು. ತಮ್ಮ ಪರವಾಗಿ ತಾವೇ ಹಲವು ದಿನಗಳ ಕಾಲ, ಒಟ್ಟು ಇಪ್ಪತ್ತೊಂದು ಗಂಟೆಗಳಿಗೂ ಮೀರಿ ವಾದಿಸಿದರು. ಜುಲೈ ೨೨ರ ರಾತ್ರಿ ನ್ಯಾಯಮೂರ್ತಿ ದಾವರರು ಆರು ವರ್ಷದ ಗಡೀಪಾರಿನ ಶಿಕ್ಷೆಯನ್ನು ವಿಧಿಸಿದರು. ಮರುದಿನ ಬೆಳಗಾದರೆ ತಿಲಕರಿಗೆ ೫೨ ವರ್ಷ ತುಂಬುತ್ತಿತ್ತು. ಆ ವೇಳೆಗಾಗಲೇ ಅವರು ಸಿಹಿಮೂತ್ರದ ರೋಗಿ.

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಆಲೋಚಿಸಬೇಕು. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಬೆರಳ ತುದಿಯ ಒಂದು ಹನಿ ರಕ್ತದಿಂದ ಅರ್ಧ ನಿಮಿಷದೊಳಗೆ ಸಕ್ಕರೆಯ ಪ್ರಮಾಣವನ್ನು ತಿಳಿಯಬಹುದು. ೧೯೦೮ರಲ್ಲಿ ರೋಗಿಯು ನೆಚ್ಚಬಹುದಾಗಿದ್ದುದು ಮೂತ್ರದ ಪರೀಕ್ಷೆಯನ್ನು. ರೋಗದ ಮೂಲವು ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿದೆಯೆಂದು ೧೮೮೯ರಲ್ಲಿ ಜರ್ಮನಿಯ ವಿಜ್ಞಾನಿಗಳು ನಾಯಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರೂ, ಅದಕ್ಕೆ ಮದ್ದು ದೊರೆತಿರಲಿಲ್ಲ. ವೈದ್ಯನ ಕೈಯಲ್ಲಿದ್ದುದು ಪಥ್ಯವೊಂದೇ. ಎಳೆಯರಿಗೆ ಬಂದರೆ ಸಾವು ಸಮೀಪವೆಂದೇ ಲೆಕ್ಕ. ನಡುವಯಸ್ಸಿನವರಿಗೆ ಬಂದರೆ, ಬಾಯಿಯನ್ನು ಕಟ್ಟಿದಷ್ಟು ಕಾಲ ಆಯುಷ್ಯ. ಇಂತಹ ರೋಗಿಯನ್ನು, ಏನು ಉಣ್ಣಬೇಕೆಂಬುದನ್ನು ಬೇರೆಯವರು ನಿರ್ಧರಿಸುವ ಸ್ಥಳಕ್ಕೆ, ಸಮುದ್ರದಾಚೆಗೆ ಕಳುಹಿಸಿದರು.

ಮೊದಲು ಕೆಲವು ವಾರ ಸಾಬರಮತಿಯ ಸೆರೆಮನೆ; ಸೆಪ್ಟೆಂಬರಿನಲ್ಲಿ ಹಡಗು ಹತ್ತಿಸಿ ರಂಗೂನಿನ ಮೂಲಕ ಬರ್ಮಾ ದೇಶದ ಮಂಡಾಲೆಗೆ ಸಾಗಿಸಿದರು. ಕಠಿಣ ಶಿಕ್ಷೆಯನ್ನು ಸಾಧಾರಣ ಶಿಕ್ಷೆಯಾಗಿ ಮಾರ್ಪಡಿಸಿದ್ದರಿಂದ ಕೂಲಿಯ ಕೆಲಸ ತಪ್ಪಿತು. ಮರದ ಹಲಗೆಯ ಗೋಡೆಗಳ ಕೋಣೆ. ಬೇಸಿಗೆಯಲ್ಲಿ ಬೆಂಕಿಯಂತಹ ಸೆಕೆ, ಚಳಿಗಾಲದಲ್ಲಿ ಹಲಗೆಯ ಸಂದಿನಿಂದ ನುಗ್ಗುವ ಗಾಳಿ. ಅಡಿಗೆ ಮಾಡಲು ಸಾತಾರೆಯ ಕಡೆಯ ಕುಲಕರ್ಣಿ ಎಂಬ ಕೈದಿಯೊಬ್ಬನನ್ನು ಕೊಟ್ಟಿದ್ದರು. ಭಾಷೆ ತಿಳಿಯದ ಆ ದೇಶದಲ್ಲಿ ತಿಲಕರು ಮರಾಠಿಯಲ್ಲಿ ಮಾತನಾಡಬಹುದಾಗಿದ್ದ ಜೊತೆಗಾರ ಅವನೊಬ್ಬನೇ. ಅವನು ಮುಂದೆ ಹೇಳಿದ ನೆನಪುಗಳಿಂದಲೇ ನಮಗೆ ಆ ಕೋಣೆಯೊಳಗಿನ ದಿನಚರಿಯು ಅಷ್ಟಿಷ್ಟು ತಿಳಿದಿದೆ.

ಅನ್ನ ಉಂಡು ಬೆಳೆದ ಕೊಂಕಣದ ಮನುಷ್ಯರು ಅನ್ನವನ್ನು ಬಿಟ್ಟರು. ಗೋಧಿಯನ್ನೂ ಬಿಟ್ಟರು. ಜವೆಗೋಧಿಯ ಹಿಟ್ಟನ್ನು ಮುಖ್ಯ ಆಹಾರವನ್ನಾಗಿ ಮಾಡಿಕೊಂಡು, ಹಾಲು ಮೊಸರುಗಳೊಡನೆ ವರ್ಷಗಟ್ಟಲೆ ಕಾಲ ಹಾಕಿದರು. ಜವೆಗೋಧಿಯೆಂದರೆ ನಾವು ಇಂದು ಅಂಗಡಿಯಲ್ಲಿ ಬಾರ್ಲಿ ಎಂದು ಕೇಳಿ ತರುವ ಧಾನ್ಯವೇ. ಹೊನ್ನಾಳಿಯ ಅಂಗಡಿಯಲ್ಲಿ ಅದು ಜ್ವರದವರಿಗೆ ಗಂಜಿ ಮಾಡಲು ಮಾತ್ರ ಮಾರಾಟವಾಗುತ್ತದೆ. ನಾನು ಕಾಲು ಕಿಲೋ ತಂದು, ಹಿಟ್ಟು ಮಾಡಿಸಿ ರೊಟ್ಟಿ ತಟ್ಟಿ ನೋಡಿದೆನು. ಜೋಳದ ಹಿಟ್ಟಿಗಿಂತಲೂ ಮೊಂಡು, ಅಂಚು ಒಡೆಯುತ್ತದೆ, ರುಚಿ ಮಣ್ಣಿನ ಹತ್ತಿರದ್ದು. ಎರಡನೆಯ ದಿನಕ್ಕೆ ನನಗೆ ಸಾಕಾಯಿತು. ಅದನ್ನು ನಾಲ್ಕಾರು ವರುಷ ಉಂಡವರ ಮನಸ್ಸಿನ ಗಟ್ಟಿತನವನ್ನು ನಾನು ಅಳೆದದ್ದು ಕೇಸರಿಯ ಲೇಖನಗಳಿಂದಲ್ಲ, ಆ ರೊಟ್ಟಿಯಿಂದ.

ಆ ಧಾನ್ಯದ ಆಯ್ಕೆಯು ಕುರುಡಾಗಿರಲಿಲ್ಲ. ಚರಕಸಂಹಿತೆಯು ಪ್ರಮೇಹದ ರೋಗಿಗಳಿಗೆ ಯವವನ್ನೇ, ಅಂದರೆ ಜವೆಗೋಧಿಯನ್ನೇ, ಮುಖ್ಯ ಆಹಾರವಾಗಿ ಹೇಳಿದೆ. ಪಾಶ್ಚಾತ್ಯ ವೈದ್ಯರೂ ಆ ಕಾಲದಲ್ಲಿ ಪಿಷ್ಟದ ಪದಾರ್ಥಗಳನ್ನು ತಗ್ಗಿಸುವುದನ್ನೇ ಮೊದಲ ಚಿಕಿತ್ಸೆಯಾಗಿ ಇಟ್ಟುಕೊಂಡಿದ್ದರು. ಇಂದಿನ ವಿಜ್ಞಾನವು ಅದರ ಕಾರಣವನ್ನು ತಿಳಿಸುತ್ತದೆ. ಜವೆಗೋಧಿಯಲ್ಲಿ ನೀರಿನಲ್ಲಿ ಕರಗಿ ಲೋಳೆಯಾಗುವ ಒಂದು ಬಗೆಯ ನಾರು, ಬೀಟಾ ಗ್ಲೂಕನ್ ಎಂಬುದು, ಹೇರಳವಾಗಿದೆ. ಆ ಲೋಳೆಯು ಕರುಳಿನಲ್ಲಿ ಪಿಷ್ಟವನ್ನು ಸುತ್ತಿಕೊಂಡು, ಸಕ್ಕರೆಯು ಒಮ್ಮೆಗೇ ರಕ್ತಕ್ಕೆ ನುಗ್ಗದಂತೆ ತಡೆಯುತ್ತದೆ. ಕಟ್ಟೆಯೊಡೆದ ಕೆರೆಯ ನೀರಿಗೂ ತೂಬಿನಿಂದ ಬಿಟ್ಟ ನೀರಿಗೂ ಇರುವ ಭೇದವೇ ಇಲ್ಲಿಯೂ ಇರುವುದು. ಆದರೆ ಪಿಷ್ಟವು ಪಿಷ್ಟವೇ. ತೂಬಿನಿಂದ ಬಿಟ್ಟರೂ ಹೆಚ್ಚು ಹೊತ್ತು ಬಿಟ್ಟರೆ ಗದ್ದೆ ತುಂಬಿಯೇ ತುಂಬುತ್ತದೆ. ಜಗಳೂರಿನ ನನ್ನ ಸೋದರಮಾವನ ಮನೆಯಲ್ಲಿ ನವಣೆ, ಸಜ್ಜೆ, ರಾಗಿಗಳನ್ನು ಉಣ್ಣುವವರಿಗೆ ಈ ಕಾಯಿಲೆ ಬಾರದೆಂಬ ನಂಬಿಕೆಯಿತ್ತು. ಅಲ್ಲಿಯೂ ಈಗ ಇಬ್ಬರಿಗೆ ಬಂದಿದೆ. ರಾಗಿಯನ್ನು ನುಣ್ಣಗೆ ಬೀಸಿ, ಮೆತ್ತಗೆ ಬೇಯಿಸಿ, ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಏರದೆ ಬಿಡುವುದಿಲ್ಲ. ಗಂಜಿ ಮಾಡಿ ಕುಡಿದರಂತೂ ಇನ್ನೂ ಬೇಗ ಏರುತ್ತದೆ. ನೆರೆಮನೆಯವರು ಅಕ್ಕನಿಗೆ ಹೇಳಿದ್ದರಲ್ಲಿ ತಪ್ಪಿದ್ದುದು ಈ ಅಳತೆಯ ವಿಷಯದಲ್ಲಿ.

ಪಥ್ಯದಿಂದ ತಿಲಕರ ರೋಗವು ವಾಸಿಯಾಗಲಿಲ್ಲ. ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ, ಏಕೆಂದರೆ ಮಹಾಪುರುಷರು ಉಂಡದ್ದನ್ನೆಲ್ಲ ಸಂಜೀವಿನಿಯೆಂದು ಕೊಂಡಾಡುವ ಅಭ್ಯಾಸ ನಮ್ಮಲ್ಲಿ ಉಂಟು. ಅವರು ಇಳಿದುಹೋದರು, ಮುಪ್ಪು ಮುಂಚಿತವಾಗಿ ಬಂದಿತು. ಪಥ್ಯವು ಮಾಡಿದ್ದಿಷ್ಟೇ: ರೋಗವನ್ನು ಅದರ ಜಾಗದಲ್ಲಿ ಕೂರಿಸಿ, ಅವರಿಗೆ ಕೆಲಸಕ್ಕೆ ಬೇಕಾದಷ್ಟು ಕಾಲವನ್ನು ಕೊಟ್ಟಿತು. ಆ ಕಾಲದಲ್ಲಿ ಅವರು ಮಾಡಿದ ಕೆಲಸವು ಸಾಮಾನ್ಯವಲ್ಲ. ಪುಣೆಯಿಂದ ತರಿಸಿಕೊಂಡ ಪುಸ್ತಕಗಳು ನಾಲ್ಕು ನೂರರಷ್ಟಾದವು. ಜರ್ಮನ್, ಫ್ರೆಂಚ್, ಪಾಲಿ ಭಾಷೆಗಳನ್ನು ಯಾವ ಗುರುವಿನ ನೆರವೂ ಇಲ್ಲದೆ ಅಭ್ಯಾಸ ಮಾಡಿದರು. ೧೯೧೦ರ ನವೆಂಬರಿನಿಂದ ೧೯೧೧ರ ಮಾರ್ಚಿಯವರೆಗಿನ ಚಳಿಗಾಲದಲ್ಲಿ, ಪುಟಗಳನ್ನು ಮೊದಲೇ ಎಣಿಸಿ ಕೊಟ್ಟ ವಹಿಗಳಲ್ಲಿ, ಶಾಯಿಗೆ ಅನುಮತಿಯಿಲ್ಲದ ಕಾರಣ ಸೀಸದ ಕಡ್ಡಿಯಿಂದಲೇ ಗೀತಾರಹಸ್ಯವೆಂಬ ಬೃಹದ್ಗ್ರಂಥವನ್ನು ಬರೆದು ಮುಗಿಸಿದರು. ಅದನ್ನು ಆಲೂರು ವೆಂಕಟರಾಯರು ಕನ್ನಡಕ್ಕೆ ತಂದರು. ನಮ್ಮ ಅನೇಕ ಹಿರಿಯರು ತಿಲಕರನ್ನು ಮೊದಲು ಅರಿತದ್ದು ಆ ಕನ್ನಡ ಪುಸ್ತಕದಿಂದ. ಅದನ್ನು ಬರೆದ ಕೈಗೆ ಬಲವಿತ್ತದ್ದು ಜವೆಗೋಧಿಯ ಹಿಟ್ಟೆಂದು ಅವರಲ್ಲಿ ಎಷ್ಟು ಮಂದಿ ಬಲ್ಲವರಾಗಿದ್ದರೋ!

ನಡುವೆ, ಕೆಲವು ಷರತ್ತುಗಳಿಗೆ ಒಪ್ಪಿದರೆ ಅವಧಿಗೆ ಮುಂಚೆಯೇ ಬಿಡುಗಡೆ ಸಿಗಬಹುದೆಂಬ ಸೂಚನೆಗಳು ಬಂದವು. ವಯಸ್ಸು, ರೋಗ, ಪರದೇಶ ಈ ಮೂರನ್ನೂ ತೂಗಿ ನೋಡಿಯೂ ಅವರು ಬೇಡವೆಂದರು. ಇದ್ದಷ್ಟು ದಿನ ತಲೆ ಬಾಗಿಸದೆ ಇರುವುದೇ ಲೇಸೆಂದು ಅವರ ತೀರ್ಮಾನವಾಗಿತ್ತು.

ಪುಣೆಯಲ್ಲಿ ಅವರ ಮನೆಯೊಳಗೆ ಅದೇ ರೋಗವು ಇನ್ನೊಬ್ಬರನ್ನು ಹಿಡಿದಿತ್ತು. ಸತ್ಯಭಾಮಾಬಾಯಿಯವರಿಗೂ ಸಿಹಿಮೂತ್ರವಿತ್ತು. ೧೯೧೨ರ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು. ತಂತಿಯ ಮೂಲಕ ಆ ಸುದ್ದಿಯು ಮಂಡಾಲೆಯನ್ನು ಮುಟ್ಟಿತು. ನಲವತ್ತು ವರುಷಗಳಿಗೂ ಮೀರಿದ ದಾಂಪತ್ಯ. ಕೊನೆಯ ನಾಲ್ಕು ವರ್ಷ ಮುಖವನ್ನೇ ಕಂಡಿರಲಿಲ್ಲ. ಗಂಡನು ತನ್ನ ಪಥ್ಯವನ್ನು ಸಮುದ್ರದಾಚೆ ನಡೆಸಿಕೊಂಡನು. ಹೆಂಡತಿಯು ಮನೆಯಲ್ಲಿ ಏನು ಉಂಡಳು, ಯಾರು ಅವಳ ತಟ್ಟೆಯನ್ನು ವಿಚಾರಿಸಿದರು ಎಂಬುದನ್ನು ನಾನು ಓದಿದ ಚರಿತ್ರೆಯು ಬರೆದಿಲ್ಲ. ಅವರ ವಿಷಯಕ್ಕೆ ಇಡೀ ಗ್ರಂಥದಲ್ಲಿ ಕೆಲವೇ ಸಾಲುಗಳು. ನನಗೆ ಈ ಸಾಲುಗಳನ್ನು ದಾಟಿ ಹೋಗಲಾಗಲಿಲ್ಲ. ಮನೆಯವರೆಲ್ಲ ಉಂಡ ಮೇಲೆ, ಉಳಿದದ್ದನ್ನು, ಉಳಿದ ಹೊತ್ತಿನಲ್ಲಿ ಉಣ್ಣುವವಳಿಗೆ ಪಥ್ಯವೆಂಬುದು ಎಷ್ಟು ದೂರದ ಮಾತೆಂಬುದನ್ನು ನಾನು ಅಕ್ಕನ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಮಾರನೆಯ ಶನಿವಾರ ಬಸ್ಸು ಹಿಡಿದು ಚನ್ನಗಿರಿಗೆ ಹೋದೆನು.

ಆಸ್ಪತ್ರೆಯ ದಾದಿಯವರನ್ನು ಕಂಡು ಕೇಳಿದಾಗ ಅವರು ಬೇಸರಿಸದೆ ತಿಳಿಸಿಕೊಟ್ಟರು. ಬಸುರಿನಲ್ಲಿ ಮಾಸು, ಅಂದರೆ ಗರ್ಭವೇಷ್ಟನವು, ಕೆಲವು ರಸಗಳನ್ನು ಸ್ರವಿಸುತ್ತದೆ. ಅವು ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಹೆಚ್ಚಿನ ತಾಯಂದಿರ ಮೇದೋಜೀರಕವು ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿತೂಗಿಸುತ್ತದೆ, ಕೆಲವರದಕ್ಕೆ ಆಗುವುದಿಲ್ಲ. ತಾಯಿಯ ರಕ್ತದ ಹೆಚ್ಚಿನ ಸಕ್ಕರೆಯು ಮಗುವಿಗೆ ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಆದ್ದರಿಂದ ಮಗುವು ತಾನೇ ಅಧಿಕ ಇನ್ಸುಲಿನ್ ಮಾಡಿಕೊಂಡು ಮಿತಿಮೀರಿ ದಪ್ಪವಾಗುತ್ತದೆ, ಹೆರಿಗೆ ಕಷ್ಟವಾಗುತ್ತದೆ, ಹುಟ್ಟಿದೊಡನೆ ಮಗುವಿನ ಸಕ್ಕರೆ ತಟ್ಟನೆ ಇಳಿದು ಅಪಾಯವಾಗಬಹುದು. ನಮ್ಮ ದೇಶದ ಸರಕಾರಿ ಆಸ್ಪತ್ರೆಗಳ ನಿಯಮದಂತೆ ಪ್ರತಿಯೊಬ್ಬ ಗರ್ಭಿಣಿಗೂ ಮೊದಲ ಭೇಟಿಯಲ್ಲಿ ಒಮ್ಮೆ, ೨೪ರಿಂದ ೨೮ನೆಯ ವಾರದೊಳಗೆ ಇನ್ನೊಮ್ಮೆ, ೭೫ ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷಿಸಬೇಕು. ಉಂಡಿದ್ದರೂ ಸರಿ, ಉಣದಿದ್ದರೂ ಸರಿ. ೧೪೦ ಅಥವಾ ಅದಕ್ಕೆ ಮೇಲೆ ಬಂದರೆ ಮೊದಲು ಎರಡು ವಾರ ಊಟದ ಕ್ರಮ ಮತ್ತು ನಡಿಗೆ. ಆಮೇಲೆ ಊಟವಾದ ಎರಡು ಗಂಟೆಗೆ ಸಕ್ಕರೆಯು ೧೨೦ಕ್ಕಿಂತ ಕೆಳಗಿದ್ದರೆ ಅದೇ ಕ್ರಮ ಸಾಕು; ಇಲ್ಲವಾದರೆ ಔಷಧ ಅಥವಾ ಇನ್ಸುಲಿನ್.

ಉಪವಾಸ ಮಾತ್ರ ಕೂಡದೆಂದು ಆಕೆ ಖಂಡಿತವಾಗಿ ಹೇಳಿದರು. ತಿಲಕರಂತೆ ಮೈ ಕರಗಿಸಿ ರೋಗವನ್ನು ಹಿಡಿದಿಡುವುದು ಗರ್ಭಿಣಿಗೆ ಸಲ್ಲದು. ಮಗುವಿನ ಬೆಳವಣಿಗೆಗೆ ಅನ್ನವೂ ಬೇಕು. ಮೂರು ಊಟ, ನಡುನಡುವೆ ಮೂರು ಸಣ್ಣ ತಿಂಡಿ. ಒಂದೇ ಸಲಕ್ಕೆ ಹೊಟ್ಟೆ ಬಿರಿಯುವಂತೆ ಇಲ್ಲ. ತಟ್ಟೆಯ ಅರ್ಧ ಭಾಗ ಸೊಪ್ಪು, ಹುರುಳಿಕಾಯಿ, ಹೀರೇಕಾಯಿಯಂತಹ ತರಕಾರಿ. ಕಾಲು ಭಾಗ ಬೇಳೆ, ಕಾಳು, ಉಣ್ಣುವವರಾದರೆ ಮೊಟ್ಟೆ, ಮೀನು. ಉಳಿದ ಕಾಲು ಭಾಗ ಅನ್ನವೋ ರೊಟ್ಟಿಯೋ ಸಣ್ಣ ಮುದ್ದೆಯೋ. ಬೆಳಗಿನ ಹೊತ್ತು ಸಕ್ಕರೆ ಬೇಗ ಏರುವ ಕಾರಣ ಬೆಳಗಿನ ತಿಂಡಿ ಚಿಕ್ಕದಾಗಿರಬೇಕು. ಬೆಲ್ಲವು ಸಕ್ಕರೆಯಲ್ಲವೆಂಬ ನಂಬಿಕೆಯನ್ನು ಬಿಡಬೇಕು. ಅತ್ತೆಯವರು ಇದೆಲ್ಲವನ್ನೂ ಕೇಳಿದರು. ಅನ್ನವನ್ನು ಪೂರ್ತಿ ಬಿಡಿಸುವುದಿಲ್ಲವೆಂದು ತಿಳಿದಾಗ ಅವರ ಮುಖವು ಸ್ವಲ್ಪ ಸಡಿಲವಾಯಿತು. ನಾನು ಮಂಡಾಲೆಯ ಕಥೆಯನ್ನೂ ಹೇಳಿದೆನು. ಅಂತಹ ದೊಡ್ಡ ಮನುಷ್ಯನಿಗೂ ಈ ಕಾಯಿಲೆಯಿತ್ತೇ ಎಂದು ಅವರು ಮೂರು ಬಾರಿ ಕೇಳಿದರು. ಅದರಿಂದಲೇ ಕಾಯಿಲೆಯ ಅವಮಾನವು ಅರ್ಧ ಕಳೆಯಿತೆಂದು ತೋರುತ್ತದೆ. ಅಂದಿನಿಂದ ಮನೆಯಲ್ಲಿ ಅಕ್ಕನಿಗೆ ಹೊತ್ತಿಗೆ ಸರಿಯಾಗಿ ಮೊದಲು ಬಡಿಸುವ ಏರ್ಪಾಡಾಯಿತು. ಮಿಕ್ಕೆಲ್ಲಕ್ಕಿಂತ ಕಷ್ಟದ ಬದಲಾವಣೆ ಇದೇ ಆಗಿತ್ತು.

ಈ ಜ್ಞಾನವು ತಾನಾಗಿ ಬಂದುದಲ್ಲ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಸಿಹಿಮೂತ್ರವಿದ್ದ ತರುಣಿಯು ಬಸುರಾಗುವುದೇ ಅಪರೂಪ. ಆದರೆ ತಾಯಿಯ ಜೀವಕ್ಕೂ ಮಗುವಿನ ಜೀವಕ್ಕೂ ಭರವಸೆಯಿರಲಿಲ್ಲ. ೧೯೨೪ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಎಲಿಯಟ್ ಜಾಸ್ಲಿನ್ ಎಂಬ ಪ್ರಖ್ಯಾತ ವೈದ್ಯರ ಬಳಿಗೆ ಪ್ರಿಸಿಲ್ಲಾ ವೈಟ್ ಎಂಬ ಯುವ ವೈದ್ಯೆ ಕೆಲಸಕ್ಕೆ ಸೇರಿದಾಗ, ಇಂತಹ ತಾಯಂದಿರ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಉಳಿಯುತ್ತಿರಲಿಲ್ಲ. ಊಟದ ಲೆಕ್ಕ, ಇನ್ಸುಲಿನ್ನಿನ ಲೆಕ್ಕ, ಹೆರಿಗೆಯ ಹೊತ್ತಿನ ಲೆಕ್ಕ ಇವುಗಳನ್ನೇ ಐವತ್ತು ವರ್ಷ ಹಿಡಿದು ಕುಳಿತ ಆಕೆ ೧೯೭೪ರಲ್ಲಿ ನಿವೃತ್ತಿ ಹೊಂದುವ ವೇಳೆಗೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಕ್ಕಳು ಬದುಕುತ್ತಿದ್ದವು. ಆಕೆಯ ಜೀವನವೇ ಬೇರೆಯೊಂದು ಲೇಖನಕ್ಕೆ ವಸ್ತುವಾಗಬಲ್ಲದು. ಮುಂದಿನ ವರ್ಷದ ಸಂಚಿಕೆಗೆ ಕಿರಿಯ ತಂಗಿಯರಲ್ಲಿ ಯಾರಾದರೂ ಬರೆಯಲಿ.

ಮತ್ತೆ ತಿಲಕರ ಬಳಿಗೆ. ೧೯೧೪ರ ಜೂನ್ ತಿಂಗಳಲ್ಲಿ ಯಾರಿಗೂ ಸುಳಿವು ಕೊಡದೆ ಅವರನ್ನು ಮಂಡಾಲೆಯಿಂದ ಹೊರಡಿಸಿ, ನಡುರಾತ್ರಿಯಲ್ಲಿ ಪುಣೆಯ ಗಾಯಕವಾಡ ವಾಡೆಯ ಬಾಗಿಲಿಗೆ ತಂದು ಬಿಟ್ಟರು. ಬಾಗಿಲು ಕಾಯುವವನಿಗೆ ಯಜಮಾನನ ಗುರುತು ಸಿಕ್ಕಲಿಲ್ಲವಂತೆ. ಮನೆಯೊಡತಿಯಿಲ್ಲದ ಮನೆಯನ್ನು ಅವರು ಹೊಕ್ಕರು. ಸರಕಾರವು ತಡೆಹಿಡಿದಿದ್ದ ಗೀತಾರಹಸ್ಯದ ವಹಿಗಳು ಕೆಲವು ಕಾಲದ ಮೇಲೆ ಕೈಸೇರಿ, ೧೯೧೫ರಲ್ಲಿ ಗ್ರಂಥವು ಅಚ್ಚಾಯಿತು.

ವಿಶ್ರಾಂತಿ ಪಡೆಯಬೇಕಾದ ಶರೀರವನ್ನು ಅವರು ಮುಂದಿನ ಆರು ವರುಷ ಒಂದು ದಿನವೂ ಬಿಡುವಿಲ್ಲದಂತೆ ದುಡಿಸಿದರು. ೧೯೧೬ರ ಏಪ್ರಿಲಿನಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಹೋಂ ರೂಲ್ ಲೀಗನ್ನು ಸ್ಥಾಪಿಸಿದರು. ಕರ್ನಾಟಕದ ಕೇಸರಿಯೆಂದು ಹೆಸರಾದ ಗಂಗಾಧರರಾವ್ ದೇಶಪಾಂಡೆಯವರು ಅವರ ಬಲಗೈಯಂತಿದ್ದರು. ಅದೇ ವರ್ಷ ಅವರ ಅರವತ್ತನೆಯ ಹುಟ್ಟುಹಬ್ಬಕ್ಕೆ ಜನರು ಒಂದು ಲಕ್ಷ ರೂಪಾಯಿ ಕೂಡಿಸಿ ಅರ್ಪಿಸಿದರು; ಅವರು ಅದನ್ನು ದೇಶದ ಕೆಲಸಕ್ಕೇ ಹಿಂದಿರುಗಿಸಿದರು. ಊರೂರಿಗೆ ಪ್ರವಾಸ, ರೈಲಿನ ರಾತ್ರಿಗಳು, ಸಾವಿರಾರು ಜನರ ಸಭೆಗಳು. ೧೯೧೮ರಲ್ಲಿ ಇಂಗ್ಲೆಂಡಿಗೆ ಹೋಗಿ ಚಿರೋಲ್ ಎಂಬಾತನ ಮೇಲೆ ಹೂಡಿದ ಮಾನನಷ್ಟದ ದಾವೆಯಲ್ಲಿ ಸೋತು, ಸಾಲದ ಹೊರೆಯೊಂದಿಗೆ ೧೯೧೯ರ ಕೊನೆಗೆ ಮರಳಿದರು. ಪಥ್ಯವು ಕೊಟ್ಟ ಆಯುಷ್ಯವನ್ನು ಹೀಗೆ ಖರ್ಚು ಮಾಡಿದ್ದು ಸರಿಯೇ ಎಂದು ಒಬ್ಬ ವೈದ್ಯನನ್ನು ಕೇಳಿದರೆ ತಲೆಯಾಡಿಸಿಯಾನು. ಸುಮ್ಮನೆ ಕುಳಿತು ಬದುಕುವುದಕ್ಕಾಗಿ ಅವರು ಆ ರೊಟ್ಟಿಯನ್ನು ತಿಂದಿರಲಿಲ್ಲವೆಂದು ನನಗೆ ತೋರುತ್ತದೆ. ಅವರಿಗೊಂದು ಚಪಲವೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಅಡಿಕೆಯನ್ನು ಅಗಿಯುವ ಅಭ್ಯಾಸ ಬಲವಾಗಿತ್ತು. ಚನ್ನಗಿರಿಯ ತೋಟದವರಿಗೆ ಇದನ್ನು ಹೇಳಿದರೆ ಸಂತೋಷಪಟ್ಟಾರು.

೧೯೨೦ರ ಜುಲೈ ತಿಂಗಳಲ್ಲಿ ಮುಂಬಯಿಯ ಸರದಾರ ಗೃಹದಲ್ಲಿ ತಂಗಿದ್ದಾಗ ಜ್ವರ ಬಂದಿತು. ಜ್ವರವು ಶ್ವಾಸಕೋಶದ ಉರಿಯೂತಕ್ಕೆ ತಿರುಗಿತು. ಸಕ್ಕರೆ ಕಾಯಿಲೆಯುಳ್ಳವರಿಗೆ ಇಂತಹ ಸೋಂಕು ತಗುಲಿದರೆ ಅದರೊಡನೆ ಹೋರಾಡುವ ಬಲವು ಕಡಿಮೆಯೆಂಬುದು ಇಂದು ಎಲ್ಲರೂ ಬಲ್ಲ ಸಂಗತಿ. ಆಗಸ್ಟ್ ೧ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಅವರ ಪ್ರಾಣವು ಹೋಯಿತು. ೬೪ ವರ್ಷ ತುಂಬಿ ಒಂಬತ್ತು ದಿನಗಳಾಗಿದ್ದವು. ಚೌಪಾಟಿಯ ಕಡಲ ದಂಡೆಗೆ ಹೊರಟ ಮೆರವಣಿಗೆಯಲ್ಲಿ ಗಾಂಧೀಜಿಯವರೂ ಹೆಗಲು ಕೊಟ್ಟರು. ಮುಂದಿನ ಬೇಸಿಗೆಯಲ್ಲಿ, ಎಂದರೆ ೧೯೨೧ರಲ್ಲಿ, ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಇಬ್ಬರು ತರುಣರು ನಾಯಿಗಳ ಮೇದೋಜೀರಕದಿಂದ ರಸವನ್ನು ತೆಗೆಯುವ ಪ್ರಯೋಗವನ್ನು ತೊಡಗಿದರು. ೧೯೨೨ರ ಜನವರಿಯಲ್ಲಿ ೧೪ ವರ್ಷದ ಬಾಲಕನೊಬ್ಬನು ಇನ್ಸುಲಿನ್ ಪಡೆದ ಮೊದಲ ಮನುಷ್ಯನಾದನು.

೧೯೨೫ರಲ್ಲಿ ಸುಭಾಷಚಂದ್ರ ಬೋಸರನ್ನೂ ಬ್ರಿಟಿಷರು ಅದೇ ಮಂಡಾಲೆಯ ಸೆರೆಮನೆಗೆ ಒಯ್ದರು. ಅವರು ತಿಲಕರು ಇದ್ದ ಕೋಣೆಯನ್ನು ನೋಡಿ, ಅಂತಹ ರೋಗಿಯು ಅಲ್ಲಿ ಆರು ವರ್ಷ ಹೇಗೆ ಬಾಳಿದನೆಂದು ಬೆರಗಾದರು. ಅಂಗಳದಲ್ಲಿ ತಿಲಕರು ನೆಟ್ಟ ನಿಂಬೆಯ ಗಿಡಗಳು ಆಗಲೂ ಇದ್ದುವು.

ಅಕ್ಕನಿಗೆ ಹೆಣ್ಣು ಮಗು ಹುಟ್ಟಿದೆ. ತೂಕ ಮೂರು ಕಿಲೋ. ಕೊನೆಯವರೆಗೂ ಊಟದ ಕ್ರಮದಲ್ಲಿಯೇ ಸಕ್ಕರೆ ಹತೋಟಿಯಲ್ಲಿದ್ದುದರಿಂದ ಇನ್ಸುಲಿನ್ ಬೇಕಾಗಲಿಲ್ಲ; ಬೇಕಾಗಿದ್ದರೆ ಚುಚ್ಚಿಸಿಕೊಳ್ಳಲು ಅವಳು ಸಿದ್ಧಳಾಗಿದ್ದಳು. ಹೆರಿಗೆಯಾದ ಮೇಲೆ ಇಂತಹ ಸಕ್ಕರೆಯು ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಮುಂದೆ ಖಾಯಂ ಆಗಿ ಬರುವ ಸಂಭವವು ಇತರರಿಗಿಂತ ಹೆಚ್ಚಾದ್ದರಿಂದ ಆರು ವಾರಕ್ಕೆ ಮತ್ತೆ ಪರೀಕ್ಷಿಸಬೇಕು. ಆ ಆರು ವಾರವು ಬರುವ ಸೋಮವಾರಕ್ಕೆ ತುಂಬುತ್ತದೆ. ಬಾಣಂತಿಯನ್ನು ಬಿಸಿಲಿನಲ್ಲಿ ಕರೆದೊಯ್ಯುವುದೇಕೆಂದು ನಮ್ಮ ತಾಯಿ ಗೊಣಗುತ್ತಿದ್ದಾರೆ. ಮೊದಲ ಬಸ್ಸಿಗೇ ಹೋಗಿ ಬರುವುದೆಂದು ನಾವಿಬ್ಬರೂ ನಿಶ್ಚಯಿಸಿದ್ದೇವೆ.